ಹೋಗುವ ಬೆಳಕು, ಬರುವ ಬೆಳಕು

ನನ್ನ ಮದುವೆ ಅರ್ಧಕ್ಕೇ ನಿಂತದ್ದು ಯಾರ ಕೆಟ್ಟ ಕಣ್ಣಿನಿಂದಲೂ ಅಲ್ಲ, ಇಬ್ಬರು ಒಳ್ಳೆಯ ಅಪ್ಪಂದಿರಿಂದ. ಒಬ್ಬ ನನ್ನ ಅಪ್ಪ ಪರಸಪ್ಪ, ಕಲ್ಲುದಂಡೆಯ ಮಂಡಕ್ಕಿ ಭಟ್ಟಿಯ ಯಜಮಾನ. ಇನ್ನೊಬ್ಬ, ಮದುಮಗ ಕೊಟ್ರೇಶನ ಅಪ್ಪ ಗೋಣೆಪ್ಪ, ಮರಳುದಂಡೆಯಲ್ಲಿ ಕಲ್ಲಂಗಡಿ ಬೆಳೆಯುವವನು. ಇಬ್ಬರೂ ಇರುವೆ ಕಂಡರೆ ಹೆಜ್ಜೆ ತಪ್ಪಿಸಿ ಇಡುವಂಥ ಮನುಷ್ಯರು. ಆದರೆ ನಮ್ಮ ದಂಡೆಯ ಬೆಳಕು, ನಿಮ್ಮ ದಂಡೆಯ ಬೆಳಕು ಅಂತ ಮಾತು ಶುರುವಾಯಿತೋ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಆಗಿಬಿಡುತ್ತಿತ್ತು.

ನಮ್ಮೂರು ಒಂದೇ ಊರು, ನಡುವೆ ಕೆರೆ. ಈ ಬದಿಗೆ ಕಲ್ಲುದಂಡೆ, ಆ ಬದಿಗೆ ಮರಳುದಂಡೆ. ಕೆರೆ ಅಷ್ಟೇನೂ ಅಗಲವಿಲ್ಲ. ಎದುರು ದಂಡೆಯಲ್ಲಿ ಒಣಹಾಕಿದ ಸೀರೆಯ ಬಣ್ಣ ಹೇಳಬಹುದು. ಆದರೆ ಬೆಳಕು ಅದನ್ನು ದಾಟಲು ತನ್ನ ಹೊತ್ತು ತೆಗೆದುಕೊಳ್ಳುತ್ತದೆ. ನಮ್ಮ ದೋಣಿಘಟ್ಟದ ಮೆಟ್ಟಿಲ ಮೇಲೆ ನಿಂತು ಎದುರಿನ ಮೆಟ್ಟಿಲಿಗೆ ಆನಿಸಿಟ್ಟ ಕನ್ನಡಿಗೆ ದೀಪ ತೋರಿಸಿದರೆ, ಅದು ಹೋಗಿ, ತಿರುಗಿ ಬಂದು ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಒಲೆಯ ಮೇಲಿಟ್ಟ ಒಂದು ಪಾತ್ರೆ ಅನ್ನ ಬೆಂದಿರುತ್ತದೆ. ಫೋನಿನ ಮಾತೂ ಬೆಳಕಿನ ಜೊತೆಗೇ ನಡೆದುಹೋಗುತ್ತದೆ, ಅದಕ್ಕಿಂತ ಒಂದು ಹೆಜ್ಜೆ ಮುಂದಿಲ್ಲ. ಜನರನ್ನು ದಾಟಿಸುವ ದಾದಾಪೀರನ ಲಾಂಚು ಇನ್ನೂ ನಿಧಾನ. ಬೆಳಕು ಹೋಗಿ ಬರುವಷ್ಟರಲ್ಲಿ ಅದು ಹೋಗಿ ಮುಟ್ಟಿರುತ್ತದೆ, ಅಷ್ಟೇ. ಬೆಳಕಿಗಿಂತ ಬೇಗ ಹೋಗುವುದು ನಮ್ಮೂರಲ್ಲಿ ಯಾವುದೂ ಇಲ್ಲ, ಚಾಡಿ ಮಾತು ಕೂಡ.

ಹುಟ್ಟಿದಾಗಿನಿಂದ ಹೀಗೇ ಇದ್ದುದರಿಂದ ನಮಗೆ ಇದೇನೂ ತೊಡಕಲ್ಲ. ಎದುರು ದಂಡೆಯಿಂದ ಯಾರಾದರೂ ಕೈ ಬೀಸಿದರೆ ನಾವು ತಿರುಗಿ ಬೀಸುವುದಿಲ್ಲ. ಅವರು ಆಗಲೇ ಮನೆ ಸೇರಿರುತ್ತಾರೆ. ಫೋನಿನಲ್ಲಿ ಜಗಳ ಆಡಬೇಕಾದರೆ ಒಂದೇ ಉಸಿರಿಗೆ ಎಲ್ಲ ಬೈದು ಮುಗಿಸಿ, ಫೋನು ಕಟ್ಟೆಯ ಮೇಲಿಟ್ಟು, ಪಾತ್ರೆ ತೊಳೆದು ಬಂದು, ಆಮೇಲೆ ಬೈಸಿಕೊಳ್ಳಬೇಕು. ಎಷ್ಟೋ ಜಗಳಗಳು ಪಾತ್ರೆ ತೊಳೆಯುವಷ್ಟರಲ್ಲೇ ತಣ್ಣಗಾಗಿವೆ. ಇನ್ನು ಲಾಂಚಿನ ಕಥೆಯೇ ಬೇರೆ, ಓಡುವಾಗ ಅದರೊಳಗಿನ ಹೊತ್ತೇ ನಿಧಾನ. ಅದರಲ್ಲಿ ಒಲೆ ಹೂಡಿ ಈ ದಡದಲ್ಲಿ ಅಕ್ಕಿ ಇಟ್ಟರೆ, ಆ ದಡ ಮುಟ್ಟಿದಾಗ ಅನ್ನದಲ್ಲಿ ಇನ್ನೂ ಬೇಯದ ಮುರುಕು ಉಳಿದಿರುತ್ತದೆ. ದಡದಲ್ಲಿ ಅದೇ ಹೊತ್ತಿಗೆ ಇಟ್ಟದ್ದು ಮಲ್ಲಿಗೆಯಾಗಿರುತ್ತದೆ. ದಾದಾಪೀರ ಮತ್ತು ಘಟ್ಟದ ಚಹಾ ಅಂಗಡಿಯ ಮಹಬೂಬ ಅವಳಿ ಜವಳಿ. ಲಾಂಚು ಓಡಿಸಿ ಓಡಿಸಿ ದಾದಾಪೀರನ ಗಡ್ಡ ಇನ್ನೂ ಕಪ್ಪಗಿದೆ, ಕೂತಲ್ಲೇ ಚಹಾ ಸೋಸಿದ ಮಹಬೂಬನದು ಬೆಳ್ಳಗಾಗಿದೆ. "ಅಣ್ಣನ ಸೇವೆ ಮಾಡಬೇಕಾದವನು ನಾನು, ನೋಡಿದ್ರೆ ಇವನೇ ನನ್ನ ಕೈ ಹಿಡಿದು ಮೆಟ್ಟಿಲು ಇಳಿಸ್ತಾನೆ" ಅಂತ ಮಹಬೂಬ ಬೇಸರ ಮಾಡಿಕೊಳ್ಳುತ್ತಾನೆ.

ದಂಡೆ ದಂಡೆಯ ನಡುವೆ ಮದುವೆಯಾದರೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಮುಹೂರ್ತವಾಯಿತು ಅಂತ ಅವರವರ ದಂಡೆಯ ಗಡಿಯಾರ ಹೊಡೆದ ಕೂಡಲೇ ಹುಡುಗಿ ತನ್ನ ಮೆಟ್ಟಿಲ ಮೇಲೆ, ಹುಡುಗ ತನ್ನ ಮೆಟ್ಟಿಲ ಮೇಲೆ ದೀಪ ಹಚ್ಚಬೇಕು. ಕೆರೆಯ ನಟ್ಟನಡುವೆ ಒಂದು ಕಲ್ಲುಕಂಬ, ನಡುಗಂಬ ಅಂತ ಅದರ ಹೆಸರು. ಲಾಂಚನ್ನು ಆ ಕಂಬಕ್ಕೆ ಕಟ್ಟಿಕೊಂಡು ಇಬ್ಬರ ಅಪ್ಪಂದಿರೂ ಅದರಲ್ಲಿ ಕೂತು ನೋಡುತ್ತಾರೆ. ಯಾರ ದೀಪ ಮೊದಲು ಹತ್ತಿತೋ ಅವರು ತಮ್ಮ ದಂಡೆ ಬಿಟ್ಟು ದಾಟಿ ಹೋಗಿ ಎದುರು ಮನೆಯಲ್ಲಿ ಬಾಳಬೇಕು. ಅವಸರ ಯಾರಿಗಿತ್ತೋ ಅವರೇ ಹೋಗಲಿ ಅನ್ನುವ ನ್ಯಾಯ. ಎರಡು ದಂಡೆಯ ಗಡಿಯಾರಗಳು ಒಂದಕ್ಕೊಂದು ಹೊಂದಿದ್ದನ್ನು ಯಾರೂ ಕಂಡಿರಲಿಲ್ಲ. ಒಂದು ವಾರ ಇದು ಮುಂದು, ಮುಂದಿನ ವಾರ ಅದು. ಹಾಗಾಗಿ ದಾಟುವುದು ಗಂಡೋ ಹೆಣ್ಣೋ ಅನ್ನುವುದು ಲಾಟರಿ ಚೀಟಿಯಂತೆ ನಡೆದುಕೊಂಡು ಬಂದಿತ್ತು.

ಕೊಟ್ರೇಶನ ಪರಿಚಯವಾದದ್ದು ಮರಳಿನಿಂದ. ಮಂಡಕ್ಕಿ ಹುರಿಯಲು ಸಣ್ಣ ಮರಳು ಬೇಕು, ಜರಡಿ ಹಿಡಿದದ್ದು, ಕಾದರೆ ಸಿಡಿಯದಂಥದ್ದು. ಅದನ್ನು ಚೀಲದಲ್ಲಿ ತರುತ್ತಿದ್ದವನು ಅವನು. ತಂದ ಮೇಲೆ ಕೂತು ಒಂದು ಸೇರು ಮಂಡಕ್ಕಿ ಖಾಲಿ ಮಾಡುವವನೂ ಅವನೇ. ಒಮ್ಮೆ ಧೈರ್ಯ ಮಾಡಿ ಫೋನಿನಲ್ಲಿ "ನನ್ನ ಮೇಲೆ ಮನಸ್ಸೈತೇನು?" ಅಂತ ಕೇಳಿ ಫೋನಿಟ್ಟು ಬಾಣಲೆಯ ಮುಂದೆ ನಿಂತೆ. ನನ್ನ ಮಾತು ಇನ್ನೂ ಕೆರೆಯ ನಡುವೆ ಇರುವಾಗಲೇ ಅವನದು ಬಂತು: "ಈ ಸಲ ಎರಡು ಚೀಲ ಸಾಕೋ, ಮೂರು ಬೇಕೋ?" ನಾನು ಉರಿದುಹೋಗಿ "ಒಂದೂ ಬ್ಯಾಡ" ಅಂದೆ. ಆ ಉತ್ತರ ದಾರಿಯಲ್ಲಿ ಇರುವಾಗ ಅವನ ಇನ್ನೊಂದು ಮಾತು ಬಂದು ಮುಟ್ಟಿತು. ಮನಸ್ಸಿದೆ, ಬಹಳ ದಿನದಿಂದ ಇದೆ ಅಂತ. ನನ್ನ ಒಂದೂ ಬ್ಯಾಡವನ್ನು ತಿರುಗಿ ಹಿಡಿದು ತರಲು ಏನೂ ಇರಲಿಲ್ಲ. ಮಾರನೆಯ ದಿನ ಲಾಂಚು ಹತ್ತಿ ಬಂದು, ಮುಖ ಸಣ್ಣದು ಮಾಡಿಕೊಂಡು ಭಟ್ಟಿಯ ಬಾಗಿಲಲ್ಲಿ ನಿಂತಿದ್ದ. ನಗು ತಡೆಯಲಾಗಲಿಲ್ಲ.

ಮದುವೆ ಅಂದಾಗ ಇಬ್ಬರಿಗೂ ಒಂದೇ ಭಯ. ನಮ್ಮ ಭಟ್ಟಿಯಲ್ಲಿ ಅಪ್ಪ ಮುಂದಿನ ಕಟ್ಟೆಯ ಮೇಲೆ ಕೂತು ಗಿರಾಕಿಗಳ ಜೊತೆ ಮಾತಾಡುತ್ತಾನೆ. ಬೆಂಕಿ, ಬಾಣಲೆ, ಮರಳು, ಭತ್ತದ ಹದ ಎಲ್ಲ ನನ್ನ ಕೈಯಲ್ಲಿ. ಅಕ್ಕಿ ಕಾದ ಮರಳಿಗೆ ಬಿದ್ದು ಒಮ್ಮೆಗೇ ಅರಳುವ ಸದ್ದು ಕೇಳದ ದಿನ ನನಗೆ ಊಟ ಸೇರುವುದಿಲ್ಲ. ಕೊಟ್ರೇಶನಿಗೆ ಅವನ ಕಲ್ಲಂಗಡಿ ಪಾತಿಗಳು ಹಾಗೆಯೇ. ಮರಳಲ್ಲಿ ಗುಂಡಿ ತೆಗೆದು, ಬಳ್ಳಿ ಬಳ್ಳಿಗೂ ಕೈಯಿಂದ ನೀರು ಹನಿಸಬೇಕು. ಗೋಣೆಪ್ಪನ ಮೊಣಕಾಲು ಬಗ್ಗುವುದನ್ನು ಬಿಟ್ಟು ಬಹಳ ಕಾಲವಾಗಿದೆ. ಅವನು ದಾಟಿದರೆ ಬಳ್ಳಿ ಒಣಗುತ್ತವೆ, ನಾನು ದಾಟಿದರೆ ಭಟ್ಟಿ ಆರುತ್ತದೆ. ಆದರೂ ಕಟ್ಟಳೆ ಕಟ್ಟಳೆಯೇ. ಏನಾದರಾಗಲಿ ಅಂತ ದೀಪ ಹಿಡಿದು ನಿಂತೆವು.

ಮದುವೆಯ ಬೆಳಿಗ್ಗೆ ನಮ್ಮ ಗಡಿಯಾರ ಹೊಡೆಯಿತು, ಹಚ್ಚಿದೆ. ಅವ್ವ ಪಕ್ಕದಲ್ಲಿ ಸೆರಗು ಅಡ್ಡ ಹಿಡಿದು ಗಾಳಿ ತಡೆದಳು. ಆಮೇಲೆ ಕಾಯುವುದು. ಲಾಂಚು ನಡುಗಂಬದಿಂದ ತಿರುಗಿ ಬರುವಾಗ ಅದು ದಡ ಮುಟ್ಟುವ ಮೊದಲೇ ಅಪ್ಪನ ಗಂಟಲು ಮುಟ್ಟಿತು. "ಕೂಡಿಯೇ ಕಂಡ್ವು! ಎರಡೂ ಕೂಡಿಯೇ!" ದಾದಾಪೀರ ಹಗ್ಗ ಎಸೆಯುತ್ತ, "ರೆಪ್ಪೆ ಬಡಿಯೋವಷ್ಟೂ ಹಿಂದೆ ಮುಂದೆ ಇಲ್ಲ. ನನ್ನ ಮಕ್ಕಳಾಣೆ" ಅಂದ. ಹೀಗಾದರೆ ಏನು ಮಾಡಬೇಕು ಅಂತ ಕಟ್ಟಳೆಯಲ್ಲಿ ಇರಲಿಲ್ಲ. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಅದು ಇದ್ದದ್ದು ಅಪ್ಪ ಬಾಯಿ ತೆರೆಯುವವರೆಗೆ.

"ಕೂಡಿ ಕಂಡ್ರೆ ಕೂಡಿ ಹಚ್ಚಿದಂಗಾಯ್ತೇನು? ನಮ್ಮ ಕಲ್ಲುದಂಡೆ ಬೆಳಕು ಚುರುಕು. ಹಚ್ಚಿದ್ದೇ ತಡ ಕಂಬ ಮುಟ್ಟತೈತಿ. ನಿಮ್ಮ ಮರಳುದಂಡೆ ಬೆಳಕು ಕಾಲೆಳಕೊಂಡು ಬರತೈತಿ. ಅಂದ್ಮೇಲೆ ಎರಡೂ ಒಮ್ಮೆಗೇ ಬಂದಾವೆ ಅಂದ್ರೆ ನಿಮ್ಮ ಹುಡುಗ ಯಾವಾಗಲೋ ಹಚ್ಚಿರಬೇಕು. ನಿಮ್ಮವನೇ ದಾಟಬೇಕು" ಅಂದ ಅಪ್ಪ. ಗೋಣೆಪ್ಪ ಲಾಂಚಿನಲ್ಲಿ ಕೂತಲ್ಲಿಂದಲೇ, "ಉಲ್ಟಾ ಹೇಳ್ತೀರಿ ಬೀಗರೇ. ಕಲ್ಲಿಗೆ ಎಡವಿ ಎಡವಿ ಬರೋದು ನಿಮ್ಮ ಬೆಳಕು. ನಮ್ದು ಮರಳಿನ ಮೇಲೆ ಜಾರಿ ಬರತೈತಿ. ಮೊದಲು ಹಚ್ಚಿದಾಕಿ ನಿಮ್ಮ ಹಾಲಮ್ಮನೇ" ಅಂದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವರಿಬ್ಬರೂ ತಾವು ಹೆರದ ಬೆಳಕನ್ನೂ ಮುದ್ದು ಮಾಡಲು ಶುರುಮಾಡಿದರು. ಸಾಕ್ಷಿ ಹೇಳು ಅಂತ ದಾದಾಪೀರನನ್ನು ಹಿಡಿದರೆ ಅವನು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, "ಕಂಡದ್ದು ಹೇಳಬಲ್ಲೆ, ಹಚ್ಚಿದ್ದು ಹೆಂಗೆ ಹೇಳಲಿ?" ಅಂದುಬಿಟ್ಟ. ಎರಡೂ ಕಡೆ ದಂಡೆ ಕಾಯಬೇಕಾದವನು ಅವನು, ಪಾಪ.

ಇತ್ಯರ್ಥವಾಗುವವರೆಗೆ ಯಾರೂ ದಾಟುವಂತಿಲ್ಲ ಅಂತ ಎರಡೂ ದಂಡೆಯ ಹಿರೀಕರು ಹೇಳಿದರು. ಹಣೆಗೆ ಅರಿಶಿನ ಹಚ್ಚಿಕೊಂಡು ನಾನು ಮತ್ತೆ ಬಾಣಲೆಯ ಮುಂದೆ ನಿಂತೆ. ಅಪ್ಪನಿಗೆ ಮಾತ್ರ ಹೊಸ ಹುರುಪು. ಮೊದಲು ಕನ್ನಡಿಯ ಪರೀಕ್ಷೆ. ನಮ್ಮ ಕಡೆಯಿಂದ ದೀಪ ತೋರಿಸಿ, ಅದು ಎದುರು ಕನ್ನಡಿಗೆ ಬಡಿದು ತಿರುಗುವವರೆಗೆ ಅನ್ನ ಇಟ್ಟು ನೋಡಿದರು, ಒಂದು ಪಾತ್ರೆ. ಅವರ ಕಡೆಯಿಂದ ನೋಡಿದರು. ಅದೇ ಒಂದು ಪಾತ್ರೆ. ಅಪ್ಪ ಎದ್ದು ನಿಂತು, "ನೋಡಿ, ಹೋಗುವಾಗ ಚಣದಲ್ಲಿ ಹೋಯ್ತು, ಬರುವಾಗ ತಡ ಮಾಡ್ತು" ಅಂದ. ಎದುರು ದಂಡೆಯಲ್ಲಿ ಗೋಣೆಪ್ಪನೂ ಅದನ್ನೇ ಅಂದನಂತೆ. ಹೋಗಿದ್ದು ಎಷ್ಟು, ಬಂದದ್ದು ಎಷ್ಟು ಅನ್ನುವುದು ಅನ್ನದ ಅಗುಳಿನಲ್ಲಿ ಬರೆದಿರಲಿಲ್ಲವಲ್ಲ.

ಆಮೇಲೆ ಗಡಿಯಾರದ ಪರೀಕ್ಷೆ. ಅಪ್ಪ ಭಟ್ಟಿಯ ಗೋಡೆ ಗಡಿಯಾರವನ್ನು ನಮ್ಮ ಘಟ್ಟದ ಗಡಿಯಾರಕ್ಕೆ ಸರಿ ಹೊಂದಿಸಿ, ಹಾಸಿಗೆಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಾ ಅಂತ ದಾದಾಪೀರನ ಕೈಗೆ ಕೊಟ್ಟ. ಅದನ್ನು ಅಲ್ಲಿಗೆ ಒಯ್ದು ಅವರ ಗಡಿಯಾರವನ್ನು ಇದಕ್ಕೆ ಹೊಂದಿಸಿದರೆ ಎರಡೂ ದಂಡೆಗೆ ಒಂದೇ ಹೊತ್ತು, ಆಗ ಬೆಳಕಿನ ಬಂಡವಾಳ ಬಯಲಾಗುತ್ತದೆ ಅನ್ನುವುದು ಅವನ ಉಪಾಯ. ಒಳ್ಳೆಯದೇ. ಆದರೆ ಹೋಗಿ ತಿರುಗಿ ಬಂದ ಗಡಿಯಾರ ನಮ್ಮ ಘಟ್ಟದ ಗಡಿಯಾರಕ್ಕಿಂತ ಹಿಂದೆ ಬಿದ್ದಿತ್ತು. ಲಾಂಚಿನ ಅನ್ನ ಮುರುಕಾಗುವ ಊರಿನಲ್ಲಿ ಗಡಿಯಾರ ಮಾತ್ರ ಹದವಾಗಿ ಬೇಯುತ್ತದೆಯೇ? "ಜೋರು ಓಡಿಸಿದಿ, ಅದಕ್ಕೇ" ಅಂತ ಅಪ್ಪ ದಾದಾಪೀರನ ಮೇಲೆ ಹರಿಹಾಯ್ದ. ನಿಧಾನ ಓಡಿಸಿದರೆ ಕಡಿಮೆ ಹಿಂದೆ ಬಿತ್ತು. ಇನ್ನೂ ನಿಧಾನ ಓಡಿಸಿದರೆ ಇನ್ನೂ ಕಡಿಮೆ. ಅಷ್ಟಾದರೂ ಗೋಣೆಪ್ಪ, "ಬರುವಾಗ ಎಷ್ಟು ಹಿಂದೆ ಬಿತ್ತು, ಹೋಗುವಾಗ ಎಷ್ಟು ಹಿಂದೆ ಬಿತ್ತು, ಬೇರೆ ಬೇರೆ ಹೇಳ್ರಿ" ಅಂತ ಪಟ್ಟು ಹಿಡಿದ. ಅದೂ ಬೆಳಕಿನದೇ ಗೋಳು. ಕೊನೆಗೆ ಗಡಿಯಾರಕ್ಕೆ ನೀರು ಬಿದ್ದು ನಿಂತೇಹೋಯಿತು.

ಮೂರನೆಯದು ಗೋಣೆಪ್ಪನ ಪರೀಕ್ಷೆ. ಎಳೆಯುವ ಎತ್ತಿಗೆ ಬಾರುಕೋಲು ಬಿದ್ದರೆ ಜೋರು ನಡೆಯುತ್ತದೆ, ಹಾಗೆ ಓಡುವ ಲಾಂಚಿನ ಮೂತಿಯಲ್ಲಿ ದೀಪ ಹಚ್ಚಿದರೆ ಬೆಳಕಿಗೆ ದೂಡು ಸಿಕ್ಕು ಬೇಗ ಬರಬೇಕಲ್ಲ, ಯಾವ ದಿಕ್ಕಿಗೆ ಹೆಚ್ಚು ಬೇಗ ಬರುತ್ತದೆ ನೋಡೋಣ ಅಂತ. ನಡುಗಂಬದಲ್ಲಿ ಒಬ್ಬ ದೀಪ ಹಿಡಿದು ಸುಮ್ಮನೆ ನಿಂತ. ಲಾಂಚು ಅವನ ಪಕ್ಕ ಬಿರುಗಾಳಿಯಂತೆ ಹಾಯುವ ಗಳಿಗೆಯಲ್ಲೇ ಅವನೂ ಲಾಂಚಿನವನೂ ಒಟ್ಟಿಗೆ ದೀಪ ಹಚ್ಚಿದರು. ನಾವೆಲ್ಲ ಮೆಟ್ಟಿಲ ಮೇಲೆ ನಿಂತು ನೋಡಿದೆವು. ಎರಡೂ ಬೆಳಕು ಜೊತೆಜೊತೆಗೇ ಬಂದವು, ತೋಳಲ್ಲಿ ತೋಳು ಹಾಕಿಕೊಂಡು. ಮರಳುದಂಡೆಯ ಕಡೆಗೆ ಓಡಿಸಿ ನೋಡಿದರು, ಅಲ್ಲೂ ಅಷ್ಟೇ. ಅಪ್ಪ ಎಣ್ಣೆ ಕಲಬೆರಕೆ ಅಂದ, ಗೋಣೆಪ್ಪ ಬತ್ತಿ ಹಸಿ ಅಂದ. ಯಾರು ದೂಡಿದರೂ ಜಗ್ಗದ, ಯಾರು ಎಳೆದರೂ ಅಲುಗದ ಆ ಬೆಳಕನ್ನು ಕಂಡು ನನಗೆ ಮಾತ್ರ ಅದರ ಮೇಲೆ ಗೌರವ ಹುಟ್ಟಿತು. ನಮ್ಮ ಮನೆಯಲ್ಲಿ ಅಂಥವರು ಒಬ್ಬರೂ ಇರಲಿಲ್ಲ.

ದಿನ ಉರುಳಿದಂತೆ ಹಿರೀಕರು ಅಪ್ಪನ ಕಡೆ ವಾಲತೊಡಗಿದರು. ಅವನ ಮಾತಿನ ಮುಂದೆ ಗೋಣೆಪ್ಪನದು ಏನೂ ಅಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ದಿನವಿಡೀ ಮಾತು ಹುರಿದು ಪಳಗಿದವನು. ನನ್ನನ್ನು ಕಳಿಸಲಾರದೆ ಅವನು ಹಾಗೆ ಹೋರಾಡುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಬಾಣಲೆ ಪಕ್ಕ ಬಂದು, "ಹೆದರಬ್ಯಾಡ, ನೀನು ಎಲ್ಲೂ ಹೋಗಂಗಿಲ್ಲ" ಅಂತ ನನ್ನ ತಲೆ ಸವರಿದಾಗ ಕಣ್ಣು ತುಂಬಿ ಬಂದವು. ಭಟ್ಟಿ ಉಳಿಯುತ್ತದೆ ಅನ್ನುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಹೊರಗೆ ಸೊಪ್ಪು ಸೋಸುತ್ತಿದ್ದ ಅವ್ವ ಮಾತ್ರ ತಲೆ ಎತ್ತಲಿಲ್ಲ. ಅವ್ವನೂ ಮರಳುದಂಡೆಯಿಂದ ದಾಟಿ ಬಂದವಳೇ. ತವರಿನ ಮಾತು ಆಡುವವಳಲ್ಲ.

ಆ ಸಂಜೆ ಕೊಟ್ರೇಶನಿಗೆ ಫೋನು ಮಾಡಿದೆ. ಗೆಲ್ಲುವ ಕಡೆಯಲ್ಲಿ ನಿಂತರೂ ಮನಸ್ಸಿಗೆ ಸಮಾಧಾನ ಇರಲಿಲ್ಲ. "ನಿಮ್ಮಪ್ಪಗೆ ಹೇಳು, ನಾನೇ ಬರ್ತೀನಿ. ನೀನು ಬಳ್ಳಿ ಬಿಟ್ಟು ಬಂದ್ರೆ ನನ್ನ ಮುಖ ನೋಡಿದಾಗೆಲ್ಲ ನಿನಗೆ ಒಣಗಿದ ಪಾತಿ ಕಾಣತಾವೆ. ನನಗದು ಬ್ಯಾಡ" ಅಂದು, ಇನ್ನೇನು ಎದ್ದು ಹೋಗಬೇಕು, ಅಷ್ಟರಲ್ಲಿ ಅವನ ದನಿ ಬಂತು. ನನ್ನ ಮಾತಿಗೆ ಉತ್ತರವಲ್ಲ, ನನ್ನದು ಇನ್ನೂ ಅವನನ್ನು ಮುಟ್ಟಿರಲೇ ಇಲ್ಲ. "ಹಾಲೂ, ನಿಮ್ಮಪ್ಪಗೆ ಹೇಳು, ನಾನೇ ಬರ್ತೀನಿ. ಭಟ್ಟಿ ಆರಿಸಿ ಬಂದ ನಿನ್ನ ಕೈ ನಾನು ಹೆಂಗೆ ಹಿಡೀಲಿ?" ಎರಡು ಮಾತುಗಳೂ ಕೆರೆಯ ನಡುವೆಲ್ಲೋ ಒಂದಕ್ಕೊಂದು ಹಾಯ್ದು ಹೋಗಿದ್ದವು. ನಾನು ಅಲ್ಲೇ ಕುಸಿದು ಕೂತು ನಕ್ಕೆ, ಅತ್ತೆ. ಇಬ್ಬರಲ್ಲಿ ಮೊದಲು ಸೋತವರು ಯಾರು ಅಂತ ಯಾರಾದರೂ ಕೇಳಿದರೆ ಏನು ಹೇಳಲಿ? ಅಪ್ಪಂದಿರ ಜಗಳವೂ ಇದೇ ತಾನೇ ಅಂತ ಆಗ ಹೊಳೆಯಿತು. ಇನ್ನೊಂದು ವಿಷಯವೂ ಹೊಳೆಯಿತು. ಅವನ ಗುಡಿಸಿಲ ಹೊಗೆ ಕಂಡಾಗಲೆಲ್ಲ ನಾನು ಅದು ಬಂದ ದಾರಿಗೆ ಅಂತ ಅರ್ಧ ಪಾತ್ರೆ ಅನ್ನದ ಹೊತ್ತನ್ನು ಲೆಕ್ಕದಲ್ಲಿ ಕಳೆದು, ಈಗ ಉಂಡು ಎದ್ದಿರುತ್ತಾನೆ ಅಂದುಕೊಳ್ಳುತ್ತಿದ್ದೆ. ಕೇಳಿದರೆ ಅವನೂ ನನ್ನ ಭಟ್ಟಿಯ ಹೊಗೆಗೆ ಅರ್ಧವನ್ನೇ ಕಳೆಯುತ್ತಿದ್ದನಂತೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಕೊನೆಯ ಕೂಟ ನಡುಗಂಬದಲ್ಲೇ ಸೇರಿತು. ಬೆಳಿಗ್ಗೆ ಹೊತ್ತು, ಲಾಂಚಿಗೆ ಎರಡು ತೆಪ್ಪ ಕಟ್ಟಿ, ಎರಡೂ ದಂಡೆಯ ಹಿರೀಕರು, ಎರಡೂ ಮನೆಯವರು. ಮಹಬೂಬ ಚಹಾ ತಂದಿದ್ದ. ಅಪ್ಪ ಗಂಟಲು ಸರಿಮಾಡಿಕೊಂಡು ಕಲ್ಲುದಂಡೆಯ ಬೆಳಕಿನ ವಂಶಾವಳಿ ಶುರುಮಾಡುವ ಮೊದಲೇ ನಾನು ಎದ್ದು ನಿಂತೆ. 

"ಹೋಗಿ ಬರೋದು ಒಂದು ಪಾತ್ರೆ, ಅದು ಎಲ್ಲರಿಗೂ ಗೊತ್ತೈತಿ. ಅದರಾಗ ಹೋಗೋದು ಎಷ್ಟು, ಬರೋದು ಎಷ್ಟು, ಅದು ಯಾರಿಗೂ ಗೊತ್ತಿಲ್ಲ. ಮುಂದೂ ಗೊತ್ತಾಗಂಗಿಲ್ಲ. ತಿಳೀಬೇಕಂದ್ರೆ ಆ ದಂಡೆಗೂ ಈ ದಂಡೆಗೂ ಒಂದೇ ಹೊತ್ತು ಮೊದಲೇ ಬೇಕು. ಒಂದೇ ಹೊತ್ತು ಮಾಡಬೇಕಂದ್ರೆ ಬೆಳಕು ಎಷ್ಟು ಹೊತ್ತಿಗೆ ಹೋಗತೈತಿ ಅಂತ ಮೊದಲೇ ತಿಳೀಬೇಕು. ಗಾಣದ ಎತ್ತು ಸುತ್ತಿದಂಗೆ ಸುತ್ತತೀರಿ. ಕೊಟ್ರೇಶ ನಾನು ಅರ್ಧ ಅರ್ಧ ಅಂತ ಹಂಚಿಕೊಂಡೀವಿ. ನಮ್ಮ ಲೆಕ್ಕದಾಗ ದೀಪ ಕೂಡಿಯೇ ಹಚ್ಚಿದ್ದು. ಇಬ್ಬರೂ ದಾಟಬೇಕಿಲ್ಲ, ಇಬ್ಬರೂ ದಾಟಬಹುದು" ಅಂದೆ.

ಅಪ್ಪನಿಗೆ ನಂಬಲಾಗಲಿಲ್ಲ. ಗೆದ್ದ ಬಾಜಿಯನ್ನು ಮಗಳೇ ಎತ್ತಿ ಕೆರೆಗೆ ಹಾಕಿದಳಲ್ಲ. "ಅರ್ಧ ಅಂತ ಯಾರು ಹೇಳಿದ್ರು? ಸಾಕ್ಷಿ ಏನೈತಿ?" ಅಂದ. "ಸಾಕ್ಷಿ ಇಲ್ಲಪ್ಪ. ಒಪ್ಪಿಕೊಂಡೀವಿ" ಅಂದೆ. "ಒಪ್ಪಿಕೊಂಡ್ರೆ ಖರೇ ಆಗತೈತೇನು? ಇಬ್ಬರು ಒಪ್ಪಿಕೊಂಡ ಮಾತ್ರಕ್ಕೆ?" ಅಂತ ಅವನು ಹಿರೀಕರ ಕಡೆ ತಿರುಗಿ ಕೈ ಚಾಚಿದ. ಕೊಟ್ರೇಶ ಆ ತೆಪ್ಪದಿಂದ ಮೆಲ್ಲಗೆ, "ಮದುವಿ ಅಂದ್ರೆ ಮತ್ತೇನು ಮಾವಾ?" ಅಂದ. ಯಾರೋ ನಕ್ಕರು. ಗೋಣೆಪ್ಪನೂ ನಕ್ಕು, ಆಮೇಲೆ ತಾನು ಎದುರು ಪಕ್ಷ ಅನ್ನುವುದು ನೆನಪಾಗಿ ಕೆಮ್ಮಿದ.

ಆಗ ಅವ್ವ ಎದ್ದಳು. ಹಿರೀಕರ ಕೂಟದಲ್ಲಿ ಅವ್ವ ಎದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. "ನನ್ನ ಮದುವ್ಯಾಗೂ ಕೂಡಿಯೇ ಕಂಡಿದ್ವು" ಅಂದಳು. ಅವ್ವ ದಾದಾಪೀರನ ಕಡೆ ನೋಡಿದಳು. ಆಗ ಅವನ ಅಪ್ಪನ ದೋಣಿ, ಇವನು ಹಗ್ಗ ಹಿಡಿಯುತ್ತಿದ್ದ. ಈ ಸಲ ಅವನು ಅಡ್ಡಗೋಡೆ ಹುಡುಕಲಿಲ್ಲ. "ಹೌದು. ಕೂಡಿಯೇ ಇದ್ವು. ನಾನೇ ನೋಡೀನಿ" ಅಂದ.

"ನಮ್ಮಪ್ಪ ಬಾಯಿಲ್ಲದಾಂವ. ಇವರಪ್ಪ ಇವರಂಗೇ" ಅಂತ ಅವ್ವ ಅಪ್ಪನತ್ತ ಕೈ ತೋರಿದಳು. "ಕಲ್ಲುದಂಡೆ ಬೆಳಕು ಚುರುಕು ಅಂದ್ರು. ನಮ್ಮಪ್ಪ ಇರಬಹುದು ಅಂದ. ಅಷ್ಟೇ. ನಾನು ದಾಟಿ ಬಂದೆ. ಚುರುಕು ಇದ್ದದ್ದು ಬೆಳಕಿನಾಗಲ್ಲ, ಬಾಯಾಗ." ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಸೊಪ್ಪು ಸೋಸುವಾಗ ಕಡ್ಡಿ ಬೇರೆ ಮಾಡಿದ ಹಾಗೆ ಹೇಳಿದಳು. ಇಷ್ಟು ದಿನ ನನ್ನನ್ನು ಉಳಿಸಲು ಅಪ್ಪ ಹೂಡಿದ ಒಂದೊಂದು ಮಾತನ್ನೂ ಇವಳು ಒಲೆಯ ಪಕ್ಕ ಕೂತು ಕೇಳಿಸಿಕೊಂಡಿದ್ದಳು. ಅದೇ ಮಾತು, ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲದೆ.

ಅಪ್ಪ ಬಾಯಿ ತೆರೆದ. ನಮ್ಮಪ್ಪ ಬಾಯಿ ತೆರೆದು ಮಾತು ಬರದೆ ಮುಚ್ಚಿದ್ದನ್ನು ಎರಡೂ ದಂಡೆಯವರು ಒಟ್ಟಿಗೆ ಕಂಡರು, ಅದರಲ್ಲಿ ಹಿಂದೆ ಮುಂದೆ ಅನ್ನುವ ತಕರಾರು ಯಾರಿಗೂ ಇರಲಿಲ್ಲ. ಹಿರೀಕರು ತಲೆಗೆ ತಲೆ ಸೇರಿಸಿ, ಇನ್ನು ಮುಂದೆ ಹೋಗುವುದಕ್ಕೆ ಅರ್ಧ, ಬರುವುದಕ್ಕೆ ಅರ್ಧ, ಎರಡೂ ಘಟ್ಟದ ಗಡಿಯಾರಗಳನ್ನು ಅದೇ ಲೆಕ್ಕಕ್ಕೆ ಹೊಂದಿಸಬೇಕು, ಹಾಲಮ್ಮ ಕೊಟ್ರೇಶರು ಸರಿಜೋಡಿ, ಯಾರಿಗೆ ಎಲ್ಲಿ ಬೇಕೋ ಅಲ್ಲಿರಲಿ ಅಂದರು. ನನ್ನ ಭಟ್ಟಿ ಉಳಿಯಿತು, ಅವನ ಬಳ್ಳಿಯೂ ಉಳಿಯಿತು. ಎಲ್ಲರೂ ಎದ್ದರು.

ಅವ್ವ ಮಾತ್ರ ನಿಂತೇ ಇದ್ದಳು. "ಹಂಗಾದ್ರೆ ನಾನೂ ದಾಟಬೇಕಿರಲಿಲ್ಲ" ಅಂದಳು. ಹಿರೀಕರು ಮತ್ತೆ ಕೂತರು. "ನಾನು ಕಲ್ಲುದಂಡೆಯಾಗ ಇದ್ದಷ್ಟೇ ವರ್ಷ ಇವರು ಮರಳುದಂಡೆಯಾಗ ಇರಲಿ ಅಂತ ಕೇಳಂಗಿಲ್ಲ. ಅಷ್ಟು ಆಯುಷ್ಯ ಇಬ್ಬರಿಗೂ ಉಳಿದಿಲ್ಲ. ಉಳಿದಷ್ಟು ದಿನ ಇಬ್ಬರೂ ಅಲ್ಲಿ. ನನ್ನ ತವರುಮನಿ ಬೀಗ ಹಾಕೈತಿ, ತೆಗೆದ್ರೆ ಆಯ್ತು." ಅಪ್ಪ ಕೊನೆಗೂ ಒಂದು ಮಾತು ಹುಡುಕಿಕೊಂಡ. "ಭಟ್ಟಿ?" ಅಂದ. ಅವ್ವ, "ಭಟ್ಟಿ ಯಾರು ನಡೆಸ್ತಾರೆ ಅಂತ ಊರಿಗೆಲ್ಲ ಗೊತ್ತೈತಿ. ನೀವು ಮುಂದೆ ಕುಂತು ಮಾತಾಡ್ತೀರಿ. ಅಲ್ಲೂ ಮಂದಿ ಅದಾರ, ಮಾತಾಡ್ರಿ" ಅಂದಳು. ಈ ಸಲ ಗೋಣೆಪ್ಪ ಕೆಮ್ಮಲಿಲ್ಲ, ಮನಸಾರೆ ನಕ್ಕ.

ಅಪ್ಪ ಹೊರಡುವುದಿಲ್ಲ ಅಂದುಕೊಂಡಿದ್ದೆ. ದಾಟುವುದು ಅಂದರೆ ಸೋತಂತೆ ಅಂತ ಬೆಳೆದವನು. ಲಾಂಚಿನಲ್ಲಿ ನಡುಗಂಬದಿಂದ ಆಚೆಗೆ ಕಾಲಿಟ್ಟವನೇ ಅಲ್ಲ. ಒಂದು ವಾರ ಮುಖ ಊದಿಸಿಕೊಂಡು ಕಟ್ಟೆಯ ಮೇಲೆ ಕೂತ. ಎಂಟನೆಯ ಬೆಳಿಗ್ಗೆ ಅವ್ವ ಎರಡು ಗಂಟು ಕಟ್ಟಿ ಬಾಗಿಲಲ್ಲಿಟ್ಟಳು. ಒಂದನ್ನು ತಾನು ಎತ್ತಿಕೊಂಡಳು. ಅಪ್ಪ ಇನ್ನೊಂದನ್ನು ಬಹಳ ಹೊತ್ತು ನೋಡಿ, ಹೆಗಲಿಗೇರಿಸಿದ. ನನ್ನ ಹತ್ತಿರ ಬಂದು, "ಆಕಿಗೆ ಅನ್ಯಾಯ ಆಗೈತೆ ಹಾಲೂ. ನನಗೆ ಗೊತ್ತೇ ಇರಲಿಲ್ಲ ಅಂದ್ರೆ ಸುಳ್ಳು. ಗೊತ್ತು ಮಾಡ್ಕೋಬೇಕು ಅನಿಸಿರಲಿಲ್ಲ" ಅಂದ. ಅಪ್ಪ ಅಷ್ಟು ಮೆಲ್ಲಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. ತಬ್ಬಿಕೊಂಡೆ.

ಕೊಟ್ರೇಶ ಹಿಂದಿನ ದಿನವೇ ಬಂದಿದ್ದ. ಪಾತಿ ಖಾಲಿ ಇದ್ದಾಗ ಅವನು ಇಲ್ಲಿ, ಭಟ್ಟಿಗೆ ಬಿಡುವಿದ್ದಾಗ ನಾನು ಅಲ್ಲಿ ಅಂತ ಮಾತಾಗಿತ್ತು. ಇಬ್ಬರೂ ಮೆಟ್ಟಿಲ ಮೇಲೆ ನಿಂತು ನೋಡಿದೆವು. ಲಾಂಚು ಸಣ್ಣದಾಯಿತು, ಕಂಬ ದಾಟಿತು, ಇನ್ನೂ ಸಣ್ಣದಾಯಿತು. ಅದು ಆಚೆ ಮುಟ್ಟಿದ್ದು ನಮಗೆ ಕಾಣುವಷ್ಟರಲ್ಲಿ ಅಲ್ಲಿ ಅವರು ಎಷ್ಟೋ ದೂರ ನಡೆದಿರಬೇಕು. ಅರ್ಧ ಪಾತ್ರೆ ಕಳೆದರೆ ಬೀಗವೇ ತೆಗೆದಿರಬೇಕು. ಆದರೂ ಕಣ್ಣಿಗೆ ಕಂಡದ್ದನ್ನೇ ನೋಡುತ್ತ ನಿಂತೆ. ಅವ್ವ ಮೊದಲು ಇಳಿದಳು. ಸೀರೆ ತುಸು ಎತ್ತಿ ಹಿಡಿದು ನಡೆಯತೊಡಗಿದಳು, ಬಿರಬಿರನೆ, ಹುಡುಗಿಯ ಹಾಗೆ. ನನಗೆ ತಿಳಿದಾಗಿನಿಂದ ಅವ್ವ ನಮ್ಮ ಕಲ್ಲುಗಳ ಮೇಲೆ ನೋಡಿ ನೋಡಿ, ಗೋಡೆ ಹಿಡಿದು ನಿಧಾನ ನಡೆಯುವವಳು. ಅದೇ ಅವಳ ನಡಿಗೆ ಅಂದುಕೊಂಡಿದ್ದೆ. "ಮರಳಾಗ ಹುಟ್ಟಿದವರು ಹಂಗೇ ನಡೀತಾರೆ" ಅಂದ ಕೊಟ್ರೇಶ, ಅದರಲ್ಲಿ ವಿಶೇಷವೇನೂ ಇಲ್ಲ ಅನ್ನುವ ಹಾಗೆ. ನನಗೆ ಅಳು ತಡೆಯಲಾಗಲಿಲ್ಲ. ಹಿಂದೆ ಅಪ್ಪ ಗಂಟು ಹೊತ್ತು, ಹೆಜ್ಜೆ ಹೆಜ್ಜೆಗೂ ಹೂತುಹೋಗುತ್ತ, ಕೈ ಎತ್ತಿ ನಿಲ್ಲು ನಿಲ್ಲು ಅಂತ ಏನೋ ಕೂಗುತ್ತಿದ್ದ. ಅವ್ವ ನಿಲ್ಲಲಿಲ್ಲ.